ನಮ್ಮತ್ತೆಗೆ ಐದು ಸ್ಟಾರು

ಮದರಾಸಿಗೆ ಬಂದವರು ಸಮುದ್ರ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ, ರೇಷ್ಮೆ ಸೀರೆ ಅಂಗಡಿಯಲ್ಲಿ ಅರ್ಧ ದಿನ ಕಳೆಯುತ್ತಾರೆ. ಆದರೆ ತಿಳಿದವರು ನಮ್ಮತ್ತೆಯನ್ನು ನೋಡದೆ ಊರು ಬಿಡುವುದಿಲ್ಲ! ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಕೊಚ್ಚಿಯವರು, ನಾಗಪುರದವರು, ಹೆಸರು ಹೇಳಲು ನನ್ನ ನಾಲಿಗೆ ಹೊರಳದ ಊರುಗಳವರು ಅವಳಿಗೆ ಐದಕ್ಕೆ ಐದು ಸ್ಟಾರು ಕೊಟ್ಟಿರುವುದು ಇಂಟರ್ನೆಟ್ಟಿನಲ್ಲಿದೆ. ತಮಾಷೆಯೆಂದರೆ, ಅವರನ್ನೆಲ್ಲ ಓಡಿಸುವುದಕ್ಕೆಂದೇ ನಮ್ಮತ್ತೆ ಎರಡು ವರ್ಷ ಪಟ್ಟುಹಿಡಿದು ದುಡಿದಳು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ನಮ್ಮ ಮನೆತನ ಮದರಾಸಿಗೆ ಬಂದು ಮೂರು ತಲೆಮಾರು ಕಳೆದಿವೆ. ನಮ್ಮ ಕನ್ನಡದಲ್ಲಿ ಎಷ್ಟು ತಮಿಳು ಸೇರಿದೆ ಎಂದರೆ ಬೇರ್ಪಡಿಸುವುದಕ್ಕೆ ಹಾಲು ನೀರು ಬಿಡಿಸುವ ಹಂಸವೇ ಬರಬೇಕು. ಅತ್ತೆ ಮೂವತ್ತನಾಲ್ಕು ವರ್ಷ ರೈಲ್ವೆಯ ರಿಸರ್ವೇಶನ್ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ, "ವೇಯ್ಟಿಂಗ್ ಲಿಸ್ಟಲ್ಲಿದ್ದೆ ಕಣ್ರೀ, ಕನ್ಫರ್ಮ್ ಆಗ್ಲಿಲ್ಲ" ಎಂದು ಹೇಳಿ ತಾನೇ ಮೊದಲು ನಗುತ್ತಾಳೆ. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ. ಟ್ರಿಪ್ಲಿಕೇನಿನ ಹಳೆಯ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ ಅವಳೊಬ್ಬಳೇ ಇದ್ದಾಳೆ. ನನ್ನ ಮನೆ ಮಾಧವರಂ, ಕೆಲಸ ಪ್ಯಾರೀಸ್ ಕಾರ್ನರಿನ ಬ್ಯಾಂಕಿನಲ್ಲಿ. ಎರಡು ವಾರಕ್ಕೊಂದು ಭಾನುವಾರ ಹೋಗಿ, ಉಂಡು, ಅವಳ ಮಾತು ಮುಗಿಯುವ ಮೊದಲೇ ಚಪ್ಪಲಿ ಹುಡುಕುವ ಸೋದರಳಿಯ ನಾನು.

ಅತ್ತೆಯ ಜೀವನ ನಡೆಯುವುದು ಎರಡರ ಮೇಲೆ: ಗಡಿಯಾರ ಮತ್ತು ಪಂಚಾಂಗ. ಏಕಾದಶಿಯ ದಿನ ನೀರನ್ನೂ ಮುಟ್ಟುವುದಿಲ್ಲ. ಮರುದಿನ ದ್ವಾದಶಿ, ನಸುಕಿನಲ್ಲೇ ಎದ್ದು ಮಡಿಯಲ್ಲಿ ಅಡುಗೆ ಮಾಡಿ, ಪಂಚಾಂಗ ಕೊಟ್ಟ ಹೊತ್ತಿನೊಳಗೆ ಊಟ ಮಾಡಿ ಉಪವಾಸ ಮುಗಿಸಬೇಕು. ಅದೇ ಪಾರಣೆ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆ ತೊವ್ವೆ. ಹುಣಸೆಹಣ್ಣು ಆ ಕಡೆ ಸುಳಿಯುವಂತಿಲ್ಲ. ಇದು ಬೇರೆ ಮನೆಗಳಲ್ಲೂ ಇರುವುದೇ. ನಮ್ಮ ಮನೆತನದಲ್ಲಿ ಇದರ ಮೇಲೆ ಇನ್ನೊಂದು ನಿಯಮವಿದೆ: ಪಾರಣೆಗೆ ಒಬ್ಬರೇ ಕೂರಬಾರದು, ಎದುರಿಗೆ ಇನ್ನೊಂದು ಎಲೆ ಇರಲೇಬೇಕು. ಯಾವ ಶಾಸ್ತ್ರದಲ್ಲಿದೆ ಎಂದು ಒಮ್ಮೆ ಕೇಳಿದ್ದೆ.

"ನಮ್ಮಜ್ಜಿ ಶಾಸ್ತ್ರದಲ್ಲಿ" ಎಂದಳು. ಅಪೀಲಿಲ್ಲ!

ಆ ಎದುರಿನ ಎಲೆ ಇಪ್ಪತ್ತಾರು ವರ್ಷ ಪಕ್ಕದ ಮನೆಯ ಅಯ್ಯಂಗಾರ್ ಮಾಮಿಯದಾಗಿತ್ತು. ಮಾಮಿ ಸೊಪ್ಪು ತರುವುದು, ಅತ್ತೆ ಅಡುಗೆ ಮಾಡುವುದು, ಇಬ್ಬರೂ ಎದುರುಬದುರು ಕೂತು ಮಾತಿಲ್ಲದೆ ಉಣ್ಣುವುದು. ಊಟವಾದ ಮೇಲೆ ಮಾತ್ರ ಮಾತಿಗೆ ಮಿತಿಯಿರಲಿಲ್ಲ. ಮೂರು ವರ್ಷದ ಹಿಂದೆ ಮಾಮಿ ತೀರಿಕೊಂಡರು. ಆಮೇಲಿನ ಮೊದಲ ದ್ವಾದಶಿಯಂದು ನಾನು ಫೋನ್ ಮಾಡಿ ಪಾರಣೆ ಆಯಿತೇ ಎಂದು ಕೇಳಿದೆ.

"ಆಯ್ತು ಕಣೋ. ಎದುರಿಗೆ ಎಲೆ ಹಾಕಿ ಬಡಿಸಿದ್ದೆ. ಆಮೇಲೆ ಕೆಳಗೆ ಹೋಗಿ ಹಸೂಗೆ ಹಾಕ್ದೆ."

ಟ್ರಿಪ್ಲಿಕೇನಿನ ಬೀದಿಗಳಲ್ಲಿ ಹಸುಗಳಿಗೇನು ಕೊರತೆ? ಆ ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ಒಂದು ಕಂದು ಹಸು ನಮ್ಮತ್ತೆಯ ಪಾರಣೆಯ ಅತಿಥಿಯಾಗಿತ್ತು. ನಾನು ನೋಡನೋಡುತ್ತಿದ್ದಂತೆ ಅದು ದುಂಡಗಾಯಿತು, ಅತ್ತೆ ಇಳಿದುಹೋದಳು.

ಇಷ್ಟರಲ್ಲಿ ಹೊಸೂರಿನಲ್ಲಿ ಕೆಲಸದಲ್ಲಿರುವ ಮಾಮಿಯ ಮಗ ಬಂದು ಪಕ್ಕದ ಮನೆಗೆ ಬಣ್ಣ ಹೊಡೆಸಿದ. ಏಸಿ ಬಂತು, ಗೋಡೆಯಗಲದ ಟೀವಿ ಬಂತು. ಅತ್ತೆಗೆ ಹಿಗ್ಗೋ ಹಿಗ್ಗು. "ಯಾರೋ ಸಂಸಾರಸ್ಥರು ಬರ್ತಾರೆ ಕಣೋ. ವೆಜಿಟೇರಿಯನ್ನೇ ಇರಬೇಕು" ಎಂದು ನನಗೆ ಫೋನಿನಲ್ಲಿ ಹೇಳಿದಳು. ಆದರೆ ಕೊನೆಗೆ ಬಂದದ್ದು ಸಂಸಾರವಲ್ಲ, ಬಾಗಿಲ ಪಕ್ಕದಲ್ಲಿ ನಂಬರು ಒತ್ತಿದರೆ ಬೀಗದ ಕೈ ಕೊಡುವ ಒಂದು ಪುಟ್ಟ ಕಬ್ಬಿಣದ ಪೆಟ್ಟಿಗೆ! ಮಗರಾಯ ಮನೆಯನ್ನು ಮೊಬೈಲಿನಲ್ಲಿ ದಿನಬಾಡಿಗೆಗೆ ಬಿಟ್ಟಿದ್ದ.

ಅಲ್ಲಿಂದ ಶುರುವಾಯಿತು ನೋಡಿ. ಲಿಫ್ಟಿಲ್ಲದ ಕಟ್ಟಡ; ಚಕ್ರದ ಪೆಟ್ಟಿಗೆಗಳು ಒಂದೊಂದು ಮೆಟ್ಟಿಲಿಗೂ ಒಂದೊಂದು ಗುದ್ದು ಕೊಡುತ್ತ ಮೇಲೇರುತ್ತಿದ್ದವು. ಹತ್ತು ಜನರಲ್ಲಿ ಏಳು ಜನ ತಪ್ಪು ಬೆಲ್ ಒತ್ತುತ್ತಿದ್ದರು, ಅಂದರೆ ಅತ್ತೆಯ ಬೆಲ್. ಬೀಚಿನಿಂದ ಬಂದವರ ಕಾಲಿನ ಮರಳು ಮೆಟ್ಟಿಲ ಮೇಲೆ, ಒದ್ದೆ ಟವೆಲ್ಲುಗಳು ಮಾಮಿಯ ತುಳಸಿಕಟ್ಟೆಯಿದ್ದ ಬಾಲ್ಕನಿಯಲ್ಲಿ. ಒಬ್ಬನಂತೂ ಮಧ್ಯಾಹ್ನ ಬಾಗಿಲು ತಟ್ಟಿ ನಮ್ಮತ್ತೆಯನ್ನು, "ಆಂಟಿ, ವೈಫೈ ಪಾಸ್‌ವರ್ಡ್?" ಎಂದು ಕೇಳಿದ.

"ಪಿ.ಎನ್.ಆರ್. ನಂಬರ್ ಹೇಳು, ಕೊಡ್ತೀನಿ" ಎಂದಳಂತೆ ಅತ್ತೆ.

ಅತ್ತೆಯ ಮೊದಲ ಅಸ್ತ್ರ ರಂಗೋಲಿ. ಮೊದಲು ತನ್ನ ಬಾಗಿಲಿಗೆ ಮಾತ್ರ ಒಂದು ಚಿಕ್ಕ ಎಳೆ ಬಿಡಿಸುತ್ತಿದ್ದವಳು, ಈಗ ಎರಡೂ ಮನೆಗಳ ನಡುವಿನ ದಾರಿಯುದ್ದಕ್ಕೂ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕಿದಳು. ತುಳಿಯದೆ ಯಾರೂ ಆ ಮನೆ ಹೊಗುವಂತಿಲ್ಲ. ತುಳಿದರೆ ಅತ್ತೆ ಬಿಡುವಂತಿಲ್ಲ! ಎರಡನೆಯ ಅಸ್ತ್ರ ಬೋರ್ಡು. 'ಇದು ಲಾಡ್ಜ್ ಅಲ್ಲ, ಬೆಲ್ ಒತ್ತಬೇಡಿ' ಎಂದು ನಾಲ್ಕು ಭಾಷೆಯಲ್ಲಿ ಬರೆದು ನೇತುಹಾಕಿದಳು. ಅವಳಿಗೆ ಬರುವ ಹಿಂದಿಯೆಲ್ಲ ರೈಲ್ವೆ ಪ್ಲಾಟ್‌ಫಾರಮ್ಮಿನದು. ಹಾಗಾಗಿ ಹಿಂದಿಯ ಸಾಲು 'ಯಾತ್ರಿಗಳು ದಯವಿಟ್ಟು ಗಮನಿಸಿ' ಎಂದೇ ಶುರುವಾಗುತ್ತಿತ್ತು.

"ಅತ್ತೆ, ಕನ್ನಡದಲ್ಲಿ ಯಾಕೆ? ಈ ಕಟ್ಟಡದಲ್ಲಿ ಕನ್ನಡ ಓದೋರು ಯಾರಿದಾರೆ?" ಎಂದೆ.

"ನಾನಿಲ್ವೇನೋ?" ಎಂದಳು.

ಮೂರನೆಯ ಅಸ್ತ್ರ ವಿಚಾರಣೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಯಾವ ಊರು, ಎಷ್ಟು ಜನ, ಎಷ್ಟು ದಿನ, ಯಾವ ಟ್ರೈನು, ಸೈಡ್ ಲೋವರ್ ಬರ್ತಿನಲ್ಲಿ ನಿದ್ದೆ ಬಂತೇ? ಇಷ್ಟಾದ ಮೇಲೆ ಯಾವ ಮರ್ಯಾದಸ್ಥ ಎರಡನೆಯ ಸಲ ಬರುತ್ತಾನೆ, ಹೇಳಿ?

ಬಂದರು! ಒಬ್ಬರ ಹಿಂದೆ ಒಬ್ಬರು ಬಂದರು! ಕಾರಣ ಕಂಡುಹಿಡಿದವಳು ನನ್ನ ಮಗಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ತಲೆಮಾರಿನವಳು. ಮೊಬೈಲು ಹಿಡಿದು ಓಡಿಬಂದು, "ಅಪ್ಪಾ, ಅತ್ತೆಪಾಟಿ ಫೇಮಸ್ ಆಯಿಟ್ಟಾಂಗ!" ಎಂದಳು, ಅಜ್ಜಿ ಹೆಸರುವಾಸಿಯಾಗಿಬಿಟ್ಟಳೆಂದು. ಪಕ್ಕದ ಮನೆಯಲ್ಲಿ ಇದ್ದುಹೋದವರು ಬರೆದ ಅಭಿಪ್ರಾಯಗಳಂತೆ. ಒಬ್ಬರು ಬರೆದಿದ್ದರು: 'ಬಾಗಿಲಲ್ಲೇ ಸಾಂಪ್ರದಾಯಿಕ ರಂಗೋಲಿಯ ಸ್ವಾಗತ. ದಿನಕ್ಕೊಂದು ಹೊಸ ವಿನ್ಯಾಸ!' ಇನ್ನೊಬ್ಬರು: 'ಮಾಲೀಕರು ಒಬ್ಬ ಅಜ್ಜಿಯನ್ನು ನೇಮಿಸಿದ್ದಾರೆ. ಹಳೆಯ ಕಾಲದ ರೈಲ್ವೆ ಅಧಿಕಾರಿಯಂತೆ ನಟಿಸುತ್ತಾರೆ. ಮಕ್ಕಳಿಗೆ ತುಂಬ ಹಿಡಿಸಿತು.' ಬೋರ್ಡಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋಗಳೇ ಹನ್ನೊಂದು!

ಒಬ್ಬ ಮಾತ್ರ ಒಂದು ಸ್ಟಾರು ಕಡಿಮೆ ಕೊಟ್ಟಿದ್ದ. 'ನಸುಕಿನ ನಾಲ್ಕಕ್ಕೆ ಪಕ್ಕದ ಮನೆಯಲ್ಲಿ ಪಾತ್ರೆಗಳ ಗದ್ದಲ. ಒಗ್ಗರಣೆಯ ಘಮಕ್ಕೆ ಹಸಿವಾಗಿ ಮತ್ತೆ ನಿದ್ದೆ ಬರಲಿಲ್ಲ' ಎಂದು ದೂರು. ಅದನ್ನು ಓದಿ ಹೇಳಿದಾಗ ಅತ್ತೆಗೆ ಸಂತೋಷವಾಗಬೇಕಿತ್ತಲ್ಲವೇ? ಅವಳು ಬಯಸಿದ್ದೇ ಅದು. ಆದರೆ ಅವಳು ಕೆಂಡವಾದಳು.

"ಯಾವನೋ ಅವ್ನು? ನನ್ನ ದ್ವಾದಶಿ ಪಾತ್ರೆಗೆ ಸ್ಟಾರ್ ಕಟ್ ಮಾಡೋನು! ಹಸಿವಾದ್ರೆ ಬಾಗಿಲು ತಟ್ಟೋಕೆ ಆಗ್ಲಿಲ್ವಾ ಅವ್ನಿಗೆ? ಒಂದು ಎಲೆ ಹಾಕ್ತಿರ್ಲಿಲ್ವಾ ನಾನು?"

ಹೇಳಿದವಳು ಎದ್ದು ಪಂಚಾಂಗದ ಹಾಳೆ ತಿರುವತೊಡಗಿದಳು. ಏನೋ ಹೊಳೆದಿದೆ ಎಂದು ನನಗಾಗ ತಿಳಿಯಲಿಲ್ಲ.

ಮುಂದಿನ ದ್ವಾದಶಿ ಪಕ್ಕದಲ್ಲಿ ಇದ್ದವರು ನಾಗಪುರದ ಮೂವರು ಹುಡುಗಿಯರು, ಯಾರೋ ಗೆಳತಿಯ ಮದುವೆಗೆ ಬಂದವರು. ಬೆಳಿಗ್ಗೆ ಐದೂಮುಕ್ಕಾಲಿಗೆ ಅವರ ಬಾಗಿಲಲ್ಲಿ ಧಡಧಡ ಸದ್ದಾಯಿತು. ಕಟ್ಟಡಕ್ಕೆ ಬೆಂಕಿಯೇ ಬಿದ್ದಿತೆಂದು ಪಾಪ, ಒಬ್ಬಳು ದಿಂಬು ಅಪ್ಪಿಕೊಂಡು, ಒಬ್ಬಳು ಲ್ಯಾಪ್‌ಟಾಪ್ ಹಿಡಿದು, ಮತ್ತೊಬ್ಬಳು ಮದುವೆಯ ಉಡುಗೊರೆಯನ್ನೇ ಎತ್ತಿಕೊಂಡು ಆಚೆ ಬಂದರು. ಎದುರಿಗೆ ಮಡಿಸೀರೆಯ ನಮ್ಮತ್ತೆ, ಕೈಯಲ್ಲಿ ಸೌಟು.

"ಸಿಕ್ಸ್ ಟ್ವೆಂಟಿ ಲಾಸ್ಟ್ ಟೈಮ್. ಕಮ್, ಕಮ್! ಬ್ರಷ್ ಮಾಡಿಟ್ಟು ಕಮ್!"

ಅರೆನಿದ್ದೆಯ ಮೂವರು ಹುಡುಗಿಯರು ರಾತ್ರಿಯುಡುಪಿನಲ್ಲೇ ನೆಲದ ಮೇಲೆ ಬಾಳೆಲೆಯ ಮುಂದೆ ಕೂತರು. ಮಡಿ ಏನಾಯಿತು ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಅತಿಥಿಗೆ ಮಡಿ ಇಲ್ಲ" ಎಂದಳು. ಅದೂ ನಮ್ಮಜ್ಜಿಯ ಶಾಸ್ತ್ರವೇ ಇರಬೇಕು! ಒಬ್ಬಳು ಚಮಚ ಕೇಳಿದಳಂತೆ. "ಕೈ ಇದೆಯಲ್ಲ?" ಎಂದು ಅತ್ತೆ ಕೈ ತೋರಿಸಿದಳಂತೆ. ಇನ್ನೊಬ್ಬಳು ತಂಬುಳಿಯನ್ನು ಮೂರು ಸಲ ಹಾಕಿಸಿಕೊಂಡಳಂತೆ. ಇದನ್ನೆಲ್ಲ ಅತ್ತೆ ನನಗೆ ಒಂದು ಗಂಟೆ ಫೋನಿನಲ್ಲಿ ಹೇಳಿದಳು. ಬ್ಯಾಂಕಿನ ಕೌಂಟರಿನಲ್ಲಿ ಸಾಲು ಬೆಳೆಯುತ್ತಿತ್ತು. ನಾನು ಹೂಂ ಹೂಂ ಎನ್ನುತ್ತಿದ್ದೆ.

"ಎಷ್ಟು ದಿನ ಆಗಿತ್ತು ಕಣೋ, 'ಇನ್ನೊಂದು ಸ್ವಲ್ಪ ಹಾಕಿ' ಅಂತ ನನ್ನ ಯಾರಾದ್ರೂ ಕೇಳಿ" ಎಂದಳು ಕೊನೆಗೆ. ಅದಕ್ಕೂ ನಾನು ಹೂಂ ಎಂದೆ.

ಅಂದಿನಿಂದ ಬೀದಿಯ ಹಸುವಿಗೆ ಪಾರಣೆ ತಪ್ಪಿತು. ಪ್ರತಿ ದ್ವಾದಶಿಗೂ ಯಾರೋ ಒಬ್ಬರು ನಿದ್ದೆಗಣ್ಣಿನಲ್ಲಿ ಬಂದು ಎಲೆಯ ಮುಂದೆ ಕೂರುತ್ತಿದ್ದರು. ಹಾಗೆಂದು ನಮ್ಮತ್ತೆ ಯುದ್ಧ ನಿಲ್ಲಿಸಿದಳೇ? ಛೆ! ಬೆಳಿಗ್ಗೆ ಊಟ ಹಾಕಿದವರ ಮೇಲೆ ಹತ್ತು ಗಂಟೆಗೆ ಸೆಕ್ರೆಟರಿಗೆ ದೂರು ಕೊಡುತ್ತಿದ್ದಳು.

"ಅತ್ತೆ, ಊಟಾನೂ ಹಾಕ್ತೀಯ, ಕಂಪ್ಲೇಂಟೂ ಕೊಡ್ತೀಯ. ಇದೇನು ನ್ಯಾಯ?"

"ಪ್ಯಾಸೆಂಜರಿಗೆ ನೀರು ಕೊಡೋದು ಬೇರೆ, ಟಿಕೆಟ್ ಇಲ್ದೋರ್ನ ಇಳಿಸೋದು ಬೇರೆ. ನಿಂಗೆ ರೂಲ್ಸ್ ಗೊತ್ತಿಲ್ಲ, ಸುಮ್ನಿರು."

ಸೆಕ್ರೆಟರಿ ಸಾರ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು. "ಪಾಕ್ಕಲಾಂ ಅಮ್ಮಾ, ಪಾಕ್ಕಲಾಂ", ನೋಡೋಣ ನೋಡೋಣ ಎಂದೇ ಎರಡು ಬೇಸಿಗೆ ದೂಡಿದರು. ಆದರೆ ಈ ಸಲದ ಬೇಸಿಗೆಯಲ್ಲಿ ಒಂದು ದಿನ ಪಕ್ಕದ ಮನೆಗೆ ಹನ್ನೆರಡು ಜನರ ತಂಡ ಬಂದು, ಬೀಚಿನ ಮರಳು ತೊಳೆಯಲು ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿ, ಇಡೀ ಕಟ್ಟಡದ ನೀರಿನ ಟ್ಯಾಂಕು ಖಾಲಿ ಮಾಡಿತು. ಮರುದಿನ ಏಕಾದಶಿ. ನಲ್ಲಿಯಲ್ಲಿ ಹನಿಯಿಲ್ಲ, ನೀರಿನ ಲಾರಿ ಬರುವುದು ಮಧ್ಯಾಹ್ನ. ಅತ್ತೆಗೆ ಬೆಳಗಿನ ಸ್ನಾನವಿಲ್ಲ, ಪೂಜೆಯಿಲ್ಲ. ಏಳು ಗಂಟೆಗೆ ನನಗೆ ಫೋನು ಬಂತು. ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

"ನೀನು ಬರೆದು ಕೊಡೋ. ಚೆನ್ನಾಗಿ ಬರೆದು ಕೊಡು."

ಬರೆದೆ! ಬ್ಯಾಂಕಿನಲ್ಲಿ ನೋಟೀಸು ಬರೆದು ಪಳಗಿದ ಕೈ. ಇಂಗ್ಲಿಷಿನಲ್ಲಿ ನಾಲ್ಕು ಪುಟ, ಹದಿನೇಳು ಕಲಮು. ಒಂಟಿಯಾಗಿರುವ ಹಿರಿಯ ನಾಗರಿಕಳೊಬ್ಬಳ ನೆಮ್ಮದಿ ಹೇಗೆ ಹಾಳಾಗಿದೆ ಎಂದು ಕಲ್ಲೂ ಕರಗುವಂತೆ ವಿವರಿಸಿದೆ. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಅದನ್ನು ನಾನೇ ಎದ್ದುನಿಂತು ಓದಿದೆ. ಖಾಲಿ ಟ್ಯಾಂಕಿನ ಬಿಸಿ ಎಲ್ಲರಿಗೂ ತಟ್ಟಿತ್ತಲ್ಲ, ಎಲ್ಲರೂ ಕೈ ಎತ್ತಿದರು. ಇನ್ನು ಈ ಕಟ್ಟಡದಲ್ಲಿ ದಿನಬಾಡಿಗೆ ಇಲ್ಲವೆಂದು ತೀರ್ಮಾನವಾಯಿತು. ಮಾಮಿಯ ಮಗ ವಾದಿಸಲಿಲ್ಲ. ಕಬ್ಬಿಣದ ಪೆಟ್ಟಿಗೆ ಬಿಚ್ಚಿಸಿ, ಮನೆಗೆ ಬೀಗ ಹಾಕಿ, ಕೊಳ್ಳುವವರು ಸಿಕ್ಕಾಗ ಮಾರುತ್ತೇನೆಂದು ಹೊರಟುಹೋದ. ಅತ್ತೆ ಕಟ್ಟಡದವರಿಗೆಲ್ಲ ಮೈಸೂರುಪಾಕು ಹಂಚಿದಳು. ನನ್ನ ಬೆನ್ನು ತಟ್ಟಿ, "ನಿಮ್ಮಪ್ಪ ಇದ್ದಿದ್ರೂ ಇಷ್ಟು ಚೆನ್ನಾಗಿ ಬರೀತಿರ್ಲಿಲ್ಲ" ಎಂದಳು. ನಾನು ಉಬ್ಬಿಹೋದೆ.

ಒಂದು ವಾರ ಕಳೆದಿರಬೇಕು, ಅವಳ ಫೋನುಗಳು ಶುರುವಾದವು. ಮೊದಲೆಲ್ಲ ಫೋನು ಬಂದರೆ ಹೇಳಲು ಏನಾದರೂ ಇರುತ್ತಿತ್ತು: ಇವತ್ತು ಇಂಥವರು ಬಂದರು, ಹೀಗೆ ಕೇಳಿದೆ, ಹಾಗೆ ಬೈದೆ. ಈಗ ವಿಷಯವೇ ಇಲ್ಲ.

"ನಿಮ್ಮಲ್ಲಿ ಕರೆಂಟ್ ಇದ್ಯೇನೋ?"

"ಇದೆ ಅತ್ತೆ. ಅಲ್ಲಿಲ್ವಾ?"

"ಇಲ್ಲೂ ಇದೆ. ಸುಮ್ನೆ ಕೇಳ್ದೆ."

ಭಾನುವಾರ ಹೋದಾಗ ಬಾಗಿಲ ಮುಂದಿನ ರಂಗೋಲಿ ಮಾಸಿತ್ತು. ಇವತ್ತು ಹಾಕಲಿಲ್ಲವೇ ಎಂದು ಕೇಳಿದೆ. "ಗುರುವಾರದ್ದೇ ಹಾಗೇ ಇದೆಯಲ್ಲೋ. ಯಾರು ತುಳೀತಾರೆ?" ಎಂದಳು. ಊಟಕ್ಕೆ ಕೂತಾಗ ಮೆಟ್ಟಿಲಲ್ಲಿ ಏನೋ ಸದ್ದಾಯಿತು. ಅವಳು ಬಡಿಸುವ ಸೌಟನ್ನು ಹಿಡಿದುಕೊಂಡೇ ಬಾಗಿಲಿಗೆ ಹೋದಳು. ಮೇಲಿನ ಮನೆಗೆ ಗ್ಯಾಸ್ ಸಿಲಿಂಡರು ಬಂದಿತ್ತು. ಸಿಲಿಂಡರಿನವನನ್ನೇ ನಿಲ್ಲಿಸಿಕೊಂಡು ಯಾವ ಊರು ಎಂದು ಕೇಳುತ್ತಿದ್ದಳು.

ಆ ವಾರದ ದ್ವಾದಶಿ ಬೆಳಿಗ್ಗೆ ಆರಕ್ಕೆ ನನ್ನ ಫೋನು ಕೂಗಿತು. "ವಿಡಿಯೋ ಹಾಕೋ" ಎಂದಳು. ಹಾಕಿದೆ. ಮೊದಲು ಅವಳ ಮನೆಯ ಸೂರು ಕಂಡಿತು, ಆಮೇಲೆ ಅವಳ ಗಲ್ಲ, ಆಮೇಲೆ ಒಂದು ಬಾಳೆಲೆ. ಎದುರಿನ ಎಲೆಯ ಹಿಂದೆ ನೀರಿನ ಚೊಂಬಿಗೆ ಫೋನನ್ನು ಒರಗಿಸಿಟ್ಟಿದ್ದಳು. ಅಂದರೆ ಆ ಎಲೆ ನನ್ನದು!

"ಉಪ್ಪು ಹಾಕಿದೀನಿ. ಪಲ್ಯ ಹಾಕಿದೀನಿ. ಅಯ್ಯೋ, ಬಾಯಲ್ಲಿ ಅದೇನೋ?"

"ಬ್ರಷ್ಷು ಅತ್ತೆ."

"ಉಗಿದು ಬಾರೋ, ಪಾರಣೆ!"

ನಾನು ಉಗಿದು ಬಂದು, ನನ್ನ ಮನೆಯ ಊಟದ ಮೇಜಿನ ಮುಂದೆ ಖಾಲಿ ಕೈಯಲ್ಲಿ ಕೂತೆ. ಅವಳು ಫೋನಿಗೆ ಬಡಿಸುತ್ತಿದ್ದಳು. ತೊವ್ವೆ ಬಡಿಸುವಾಗ ಅವಳ ಫೋನಿನಲ್ಲಿದ್ದ ನನ್ನ ಮುಖದ ಮೇಲೆ ಒಂದು ಹನಿ ಬಿದ್ದು ಅತ್ತೆಯ ಅರ್ಧಭಾಗ ಹಳದಿಯಾಯಿತು. ನನ್ನ ಮಗಳು ಬಾಗಿಲಲ್ಲಿ ನಿಂತು ಬಿದ್ದುಬಿದ್ದು ನಗುತ್ತಿದ್ದಳು. ನನಗೋ ಆಫೀಸಿಗೆ ಹೊತ್ತಾಗುತ್ತಿತ್ತು. "ಅತ್ತೆ, ಫೋನಲ್ಲಿ ಚಾರ್ಜಿಲ್ಲ, ಇಡ್ತೀನಿ" ಎಂದು ಸುಳ್ಳು ಹೇಳಿದೆ.

"ಸರಿಯಪ್ಪ, ಇಡು" ಎಂದಳು.

ಆದರೆ ನನ್ನ ಬೆರಳು ಸರಿಯಾಗಿ ಒತ್ತಿರಲಿಲ್ಲ. ಫೋನು ಕಟ್ಟಾಗಲಿಲ್ಲ. ಅವಳಿಗೆ ಅದು ತಿಳಿಯಲಿಲ್ಲ. ಕಲಸಿದ ಅನ್ನದ ಮೇಲೆ ಅವಳ ಕೈ ಹಾಗೇ ನಿಂತಿತ್ತು. ಎದುರಿನ ಎಲೆಯನ್ನು ಒಮ್ಮೆ ನೋಡಿದಳು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಅಳಲಿಲ್ಲ, ಏನೂ ಇಲ್ಲ. ಯಾರೂ ನೋಡದಿರುವಾಗ ನಮ್ಮತ್ತೆ ಹೇಗಿರುತ್ತಾಳೆ ಎಂದು ಐವತ್ತೊಂದು ವರ್ಷದಲ್ಲಿ ನಾನು ಮೊದಲ ಸಲ ಕಂಡೆ. ನನಗೆ ನಾಚಿಕೆಯಾಯಿತು. ನಾಲ್ಕು ಪುಟದ ಆ ಕಾಗದ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಅವಳ ಎದುರಿನ ಎಲೆಯಿಂದ ಜನರನ್ನೆಲ್ಲ ಎಬ್ಬಿಸಿ ಕಳಿಸಿದವನು ನಾನೇ ಅಲ್ಲವೇ?

ಮುಂದಿನ ಏಕಾದಶಿಯ ಸಂಜೆ ನಾನೇ ಫೋನ್ ಮಾಡಿ, ನಾಳೆ ಪಾರಣೆಗೆ ಬರುತ್ತೇನೆ ಎಂದೆ.

"ಆರು ಐವತ್ತೆರಡಕ್ಕೆ ಮುಗಿಯುತ್ತೆ" ಎಂದಳು, ಕೌಂಟರಿನ ದನಿಯಲ್ಲಿ. "ಬಂದ್ರೆ ಬಾ. ಲೇಟಾದ್ರೆ ನಾನು ಕಾಯಲ್ಲ. ಟೈಮ್ ಅಂದ್ರೆ ಟೈಮು."

ಐದಕ್ಕೆ ಎದ್ದೆ. ಐದೂಮುಕ್ಕಾಲಿಗೆ ಹೊರಟೆ. ಗಡಿಬಿಡಿಯಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. ಬೇಸಿನ್ ಬ್ರಿಡ್ಜ್ ಹತ್ತಿರ ಸ್ಕೂಟರು ಪಂಕ್ಚರಾಯಿತು. ಅಷ್ಟು ಬೆಳಿಗ್ಗೆ ಪಂಕ್ಚರ್ ಅಂಗಡಿಯವನು ಎಲ್ಲಿ ಏಳುತ್ತಾನೆ? ಸ್ಕೂಟರನ್ನು ಒಂದು ಟೀ ಅಂಗಡಿಯ ಮುಂದೆ ಬಿಟ್ಟು, ಆಟೋಗೆ ಕಾದು, ಸಿಕ್ಕಿದ ಆಟೋದವನನ್ನು ದಾರಿಯುದ್ದಕ್ಕೂ ಅವಸರಪಡಿಸಿ, ಎರಡೆರಡು ಮೆಟ್ಟಿಲು ಹಾರಿ ಅತ್ತೆಯ ಮನೆ ಮುಟ್ಟಿದಾಗ ಗೋಡೆಯ ಗಡಿಯಾರದಲ್ಲಿ ಏಳು ಇಪ್ಪತ್ತೈದು.

ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಎರಡು ಎಲೆ. ಎರಡರಲ್ಲೂ ಏನೂ ಬಡಿಸಿರಲಿಲ್ಲ. ಒಂದರ ಮುಂದೆ ಅತ್ತೆ ಗೋಡೆಗೊರಗಿ ಕೂತಿದ್ದಳು. ತುಟಿ ಒಣಗಿತ್ತು.

"ಅತ್ತೆ! ಹೊತ್ತು ಮೀರಿ ಹೋಯ್ತಲ್ಲ! ನೀನು ಮಾಡ್ಕೋಬಾರದಾಗಿತ್ತಾ?"

ಅವಳು ಗಡಿಯಾರದ ಕಡೆ ನೋಡಲೇ ಇಲ್ಲ. "ಅನ್ನ ಆರಿ ಹೋಗಿದೆ, ಬಿಸಿ ಮಾಡ್ತೀನಿ ಇರು" ಎಂದು ಏಳಲು ಹೋದವಳು ತಲೆ ಸುತ್ತಿ ಗೋಡೆ ಹಿಡಿದುಕೊಂಡಳು. ನಾನು ಅವಳನ್ನು ಹಿಡಿದು ಕೂರಿಸಿದೆ. ಇಷ್ಟು ಹಗುರವಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಪ್ಯಾಂಟು ಮಡಿಸಿಕೊಂಡು, ಮಡಿಯಿಲ್ಲ ಮೈಲಿಗೆಯಿಲ್ಲ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ತಂದು ಎರಡು ಎಲೆಗೂ ನಾನೇ ಬಡಿಸಿದೆ. ಪಲ್ಯ ಹಾಕಬೇಕಾದ ಕಡೆ ತೊವ್ವೆ ಹಾಕಿದೆ. ಅವಳು ಬೈಯಲಿಲ್ಲ. ತೀರ್ಥ ತೆಗೆದುಕೊಂಡು, ನಾನು ಬಡಿಸಿದ ತಣ್ಣನೆಯ ಅನ್ನ ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಅದನ್ನು ನುಂಗಿದ ಮೇಲೆ ತಲೆ ಎತ್ತದೆ, ಮೆಲ್ಲಗೆ ಕೇಳಿದಳು.

"ಆತುರ ಏನೂ ಇಲ್ವಲ್ಲ ನಿಂಗೆ?"

"ಇಲ್ಲ ಅತ್ತೆ" ಎಂದೆ. ಸಂಜೆ ದೀಪ ಹಚ್ಚುವವರೆಗೂ ಅಲ್ಲೇ ಇದ್ದೆ.